ನಿಮ್ಮ ದಿನಚರಿ ಮತ್ತು ನಿಮ್ಮ ಮೆಚ್ಚಿನ ಸಿನಿಮಾ

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಯ ದಿನಚರಿ’ ಎಂಬುದು ಮಾತ್ರ. ಅದರ ಪಕ್ಕದಲ್ಲಿ ಸಿನಿಮಾವನ್ನು ತಂದು ಕೂರಿಸಿದವಳು ನಾನು. ಇದನ್ನು ಕೇಳಿ ಅವರು ಸ್ವಲ್ಪ ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ. ಅವರಿಗೆ ಮೊದಲು ನನ್ನ ಕೃತಜ್ಞತೆ. ಈ ಎರಡನ್ನೂ ಒಟ್ಟಿಗೆ ಏಕೆ ತಂದೆ ಎಂಬುದನ್ನು ಹೇಳುವುದೇ ಇಂದಿನ ನನ್ನ ಕೆಲಸ.

ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ನಾನು ಬರೆಸುವ ಪ್ರಬಂಧಗಳಲ್ಲಿ ಎರಡು ವಿಷಯ ತಪ್ಪದೆ ಬರುತ್ತವೆ. ಒಂದು ‘ನನ್ನ ದಿನಚರಿ’, ಇನ್ನೊಂದು ‘ನನ್ನ ಮೆಚ್ಚಿನ ಚಲನಚಿತ್ರ’. ಮೊದಲನೆಯದನ್ನು ತಿದ್ದಲು ಕೂತರೆ ಒಂದೇ ನೋಟ್‌ಬುಕ್ಕನ್ನು ನಲವತ್ತು ಸಲ ತಿದ್ದಿದಂತೆ ಆಗುತ್ತದೆ. ಎಲ್ಲರೂ ಬೆಳಿಗ್ಗೆ ಐದು ಗಂಟೆಗೆ ಏಳುತ್ತಾರೆ. ಎಲ್ಲರೂ ಹಲ್ಲುಜ್ಜಿ, ಮುಖ ತೊಳೆದು, ದೊಡ್ಡವರಿಗೆ ಸಲಾಂ ಹೇಳಿ, ಒಂದು ಲೋಟ ಹಾಲು ಕುಡಿದು, ಒಂದು ಗಂಟೆ ಓದುತ್ತಾರೆ. ಸಂಜೆ ಅರ್ಧ ಗಂಟೆ ಆಟ, ಆಮೇಲೆ ಎರಡು ಗಂಟೆ ಓದು, ಹತ್ತಕ್ಕೆ ನಿದ್ದೆ. ಇಷ್ಟೊಂದು ಹಾಲು ನಮ್ಮ ಮೊಹಲ್ಲಾಕ್ಕೆ ಯಾವ ಡೈರಿಯಿಂದ ಬರುತ್ತದೆಯೋ ನನಗೆ ತಿಳಿಯದು. ನಾನು ಕಂಡಂತೆ ನಮ್ಮ ಮಕ್ಕಳು ಕುಡಿಯುವುದು ಚಾಯ್, ಅದರ ಜೊತೆಗೆ ಒಂದು ಬನ್ನು, ಅದೂ ಇದ್ದ ದಿನ. ಆ ಹಾಲು ಕುಡಿಯುವ ಹುಡುಗ ನಿಮ್ಮಲ್ಲಿ ಯಾರೂ ಅಲ್ಲ. ಅವನು ಗೈಡಿನೊಳಗೆ ವಾಸಿಸುವ ಹುಡುಗ. ಅವನಿಗೆ ಚಿಕ್ಕ ತಮ್ಮ ತಂಗಿಯರಿಲ್ಲ, ಅವನ ಮನೆಯಲ್ಲಿ ಕರೆಂಟು ಹೋಗುವುದಿಲ್ಲ, ಅವನ ಅಮ್ಮಿಗೆ ಎಂದೂ ಜ್ವರ ಬರುವುದಿಲ್ಲ.

ಆದ್ದರಿಂದ ನಾನು ಪ್ರಬಂಧದ ತಲೆಬರಹವನ್ನೇ ಬದಲಿಸಿದೆ. ‘ನನ್ನ ದಿನಚರಿ’ ಬೇಡ, ‘ನಿನ್ನೆ’ ಎಂದು ಬರೆಯಿರಿ ಎಂದೆ. ನಿನ್ನೆ ಎಷ್ಟು ಗಂಟೆಗೆ ಎದ್ದಿರಿ, ಏನು ಮಾಡಿದಿರಿ, ಎಷ್ಟು ಹೊತ್ತು ಮಾಡಿದಿರಿ, ಇಷ್ಟೇ. ನಿನ್ನೆಯ ದಿನ ಯಾವ ಗೈಡಿನಲ್ಲೂ ಸಿಗುವುದಿಲ್ಲವಷ್ಟೆ.

ಬಂದ ಪುಟಗಳಲ್ಲಿ ಎರಡನ್ನು ಹೆಸರು ಹೇಳದೆ ನಿಮಗೆ ಹೇಳುತ್ತೇನೆ. ಮೊದಲನೆಯದು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯದು. ಅವರ ಬೀದಿಗೆ ನಲ್ಲಿ ನೀರು ಬರುವ ದಿನ ಅವಳು ನಾಲ್ಕೂವರೆಗೆ ಏಳುತ್ತಾಳೆ. ಎರಡು ಡ್ರಮ್ಮು, ಏಳು ಬಿಂದಿಗೆ ತುಂಬುವಷ್ಟರಲ್ಲಿ ಫಜರ್ ಅಜಾನ್ ಆಗುತ್ತದೆ. ನಮಾಜ್ ಮುಗಿಸಿ ತಮ್ಮನನ್ನು ಎಬ್ಬಿಸಿ ಮಕ್ತಬಿಗೆ ಕಳಿಸಬೇಕು. ಅವನ ಟೋಪಿ ದಿನವೂ ಕಳೆದುಹೋಗಿರುತ್ತದೆ, ಅದನ್ನು ಹುಡುಕಲು ಹತ್ತು ನಿಮಿಷ ಎಂದು ಅವಳೇ ಲೆಕ್ಕ ಬರೆದಿದ್ದಾಳೆ. ಆಮೇಲೆ ರೊಟ್ಟಿ, ಪಾತ್ರೆ, ದಾದಿಯ ಮಾತ್ರೆ, ಶಾಲೆ. ಶಾಲೆಯಿಂದ ಬಂದ ಮೇಲೆ ಅಮ್ಮಿ ಟೈಲರಿಂಗ್ ಕೆಲಸಕ್ಕೆ ಕೂರುತ್ತಾರೆ, ಇವಳು ರವಿಕೆಗಳಿಗೆ ಗುಂಡಿ ಹೊಲಿಯುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ. ರಾತ್ರಿ ಎಂಟರಿಂದ ಹತ್ತರವರೆಗೆ ಇರುವ ಒಂದೇ ಕೋಣೆಯಲ್ಲಿ ಟೀವಿ. ಹತ್ತೂ ಹತ್ತಕ್ಕೆ ಪುಸ್ತಕ ತೆಗೆದಳು, ಹತ್ತೂ ಐವತ್ತಕ್ಕೆ ಲೈಟ್ ಆರಿಸು ಎಂದು ಅಬ್ಬಾ ಹೇಳಿದರು. ಅಂದರೆ ನಲವತ್ತು ನಿಮಿಷ. ಇದೇ ಹುಡುಗಿ ಹಿಂದಿನ ತಿಂಗಳು ಬರೆದ ‘ನನ್ನ ದಿನಚರಿ’ಯಲ್ಲಿ ದಿನಕ್ಕೆ ಮೂರು ಗಂಟೆ ಓದುತ್ತಿದ್ದಳು.

ಎರಡನೆಯದು ಒಬ್ಬ ಹುಡುಗನ ಪುಟ. ನಮ್ಮ ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂದು ಯಾರಾದರೂ ತಿಳಿಯಬೇಕಾದರೆ ಇವನ ಪುಟವನ್ನೇ ಓದಬಹುದು. ಅವನ ಅಬ್ಬಾ ಸಣ್ಣ ರೀಲರ್. ಬೆಳಿಗ್ಗೆ ಅವರೊಂದಿಗೆ ಮಾರುಕಟ್ಟೆಗೆ ಹೋಗುತ್ತಾನೆ. ರೈತರು ಜಾಲರಿಯಲ್ಲಿ ಸುರಿದ ಗೂಡನ್ನು ಕೈಯಲ್ಲಿ ಹಿಡಿದು, ಅಲುಗಾಡಿಸಿ, ಒಳಗಿನ ಹುಳದ ಸದ್ದು ಕೇಳಿ ಮಾಲು ಹೇಗಿದೆ ಎಂದು ಅಬ್ಬಾ ಹೇಳುತ್ತಾರಂತೆ. ಹರಾಜು ಆದ ಮೇಲೆ ಚೀಲ ಹೊರುವುದು ಇವನ ಪಾಲು. ಮನೆಯಲ್ಲಿ ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆಯ ತುದಿ ಹುಡುಕುತ್ತಾರೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ, ತುದಿ ಸಿಕ್ಕರೆ ಎಲ್ಲ ಸಿಕ್ಕಿತು ಎಂದು ಬರೆದಿದ್ದಾನೆ. ಆಮೇಲೆ ಒಂದು ವಾಕ್ಯ: ‘ಬೆಂದ ಹುಳದ ವಾಸನೆ ಅಂಗಿಯಿಂದ ಹೋಗುವುದಿಲ್ಲ, ಅದಕ್ಕೇ ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ.’ ಎರಡು ವರ್ಷದಿಂದ ಆ ಹುಡುಗನನ್ನು ಕೊನೆಯ ಬೆಂಚಿನ ಹುಡುಗ ಎಂದೇ ಎಲ್ಲ ಶಿಕ್ಷಕರೂ ಕರೆಯುತ್ತಿದ್ದರು. ಕಾರಣ ಅವನ ನಿನ್ನೆಯ ಪುಟದಲ್ಲಿತ್ತು.

ಹಿರಿಯರಿಗೆ ಇಲ್ಲಿ ಒಂದು ಮಾತು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. ಶಾಲೆಯ ಸಮಯದ ಹೊರಗೆ, ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಮಗು ಕೈಜೋಡಿಸಬಹುದು ಎಂದು 2016ರ ತಿದ್ದುಪಡಿ ಹೇಳುತ್ತದೆ. ಕೈಜೋಡಿಸುವುದು ಎಷ್ಟು ಹೊತ್ತು? ಅದನ್ನು ಯಾವ ಅಧಿಕಾರಿಯೂ ನಿಮ್ಮ ಮನೆಗೆ ಬಂದು ಎಣಿಸುವುದಿಲ್ಲ. ಕುದಿಯುವ ನೀರಿನ ಹತ್ತಿರ ಮಗು ನಿಂತಿದ್ದರೆ ಅದು ಅಪಾಯವೋ ಅಲ್ಲವೋ ಎಂಬುದನ್ನು ನೀವೇ ನೋಡಿಕೊಳ್ಳಬೇಕು. ಅಮ್ಮಿಗೆ ನೆರವಾಗುವುದು ಬೇಡ ಎಂದು ನಾನು ಯಾವ ಮಗುವಿಗೂ ಹೇಳುವವಳಲ್ಲ. ಆದರೆ ಒಂಬತ್ತನೆಯ ತರಗತಿಯ ಹುಡುಗಿಗೆ ಓದಲು ನಲವತ್ತು ನಿಮಿಷ, ಅದೇ ಮನೆಯಲ್ಲಿ ಅವಳ ಅಣ್ಣನಿಗೆ ಚೌಕದಲ್ಲಿ ನಿಲ್ಲಲು ಎರಡು ಗಂಟೆ ಎಂದರೆ, ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಈಗ ಸಿನಿಮಾಕ್ಕೆ ಬರೋಣ. ನಿಮ್ಮ ಮೆಚ್ಚಿನ ಚಿತ್ರ ಯಾವುದು ಎಂದು ತರಗತಿಯಲ್ಲಿ ಕೇಳಿದರೆ ಮೊದಲು ಎಲ್ಲರೂ ನನ್ನ ಮುಖ ನೋಡುತ್ತಾರೆ. ಆಪಾ ಬೈಯುತ್ತಾರೋ ನಗುತ್ತಾರೋ ಎಂದು ಅಂದಾಜು ಮಾಡುತ್ತಾರೆ. ‘ನಾವು ಸಿನಿಮಾ ನೋಡುವುದಿಲ್ಲ’ ಎಂದು ಹೆಣ್ಣುಮಕ್ಕಳು ಒಟ್ಟಾಗಿ ಹೇಳುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರೇ ‘ದಂಗಲ್’ನ ಅಕ್ಕತಂಗಿಯರ ಕುಸ್ತಿಯ ಬಗ್ಗೆ ಮಾತನಾಡುವುದು ಕಿಟಕಿಯಿಂದ ಕೇಳುತ್ತದೆ. ಸಿನಿಮಾ ನೋಡುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಹಿರಿಯರಲ್ಲಿ ಬಹಳ ಕಾಲದಿಂದ ಇದೆ. ಅದನ್ನು ತೀರ್ಮಾನಿಸಲು ನಾನು ಇಲ್ಲಿಗೆ ಬಂದಿಲ್ಲ, ಆ ಅರ್ಹತೆಯೂ ನನಗಿಲ್ಲ. ಯಾವ ಮನೆಯಲ್ಲಿ ನೋಡುವುದಿಲ್ಲವೋ ಆ ಮನೆಯ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ನನ್ನ ಮಾತು ನೋಡುವವರ ಬಗ್ಗೆ. ಅವರು ಬಹಳ ಮಂದಿ ಇದ್ದಾರೆ, ಮತ್ತು ಅವರ ಕೈಯಲ್ಲಿ ಈಗ ಫೋನ್ ಇದೆ.

ನಾನು ಚಿಕ್ಕವಳಿದ್ದಾಗ ಭಾನುವಾರ ಸಂಜೆ ದೂರದರ್ಶನದಲ್ಲಿ ಬರುವ ಒಂದು ಕನ್ನಡ ಸಿನಿಮಾಕ್ಕಾಗಿ ಇಡೀ ವಾರ ಕಾಯುತ್ತಿದ್ದೆವು. ಪಕ್ಕದ ಮನೆಯವರ ಟೀವಿ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಂದು ಸಿನಿಮಾ ನೋಡಿದರೆ ಅದರ ಕತೆ ಮುಂದಿನ ಭಾನುವಾರದವರೆಗೆ ಬಾಯಲ್ಲಿ ಇರುತ್ತಿತ್ತು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಹೇಳುತ್ತಿಲ್ಲ, ವಾರಕ್ಕೊಂದೇ ಎನ್ನುವುದು ಬಡತನವೇ ಆಗಿತ್ತು. ಆದರೆ ನಾವು ಪೂರ್ತಿ ನೋಡುತ್ತಿದ್ದೆವು. ನೀವು ಈಗ ತುಂಡು ನೋಡುತ್ತೀರಿ. ಹೊಡೆದಾಟದ ತುಂಡು, ಹಾಡಿನ ತುಂಡು, ನಗುವಿನ ತುಂಡು. ಒಬ್ಬ ಹುಡುಗ ತನ್ನ ಮೆಚ್ಚಿನದು ಎಂದು ಹೇಳಿದ ಸಿನಿಮಾದ ಕತೆ ಅವನಿಗೆ ಗೊತ್ತಿರಲಿಲ್ಲ. ಅವನು ಅದನ್ನು ಎಂದೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ, ಅದರ ಮೂವತ್ತು ತುಂಡುಗಳನ್ನು ನೋಡಿದ್ದ.

ಹುಡುಗರು ಬರೆಯುವ ಹೆಸರುಗಳಲ್ಲಿ ‘ಕೆ.ಜಿ.ಎಫ್.’ ಮೊದಲು ಬರುತ್ತದೆ. 2018ರಲ್ಲಿ ಒಂದು ಭಾಗ, 2022ರಲ್ಲಿ ಎರಡನೆಯದು. ನಾನೂ ನೋಡಿದ್ದೇನೆ. ತಾಯಿಯ ಮಾತನ್ನು ಎದೆಯಲ್ಲಿ ಇಟ್ಟುಕೊಂಡ ಮಗನ ಕತೆ ಎಂದರೆ ನಿಮಗೆ ಏಕೆ ಹಿಡಿಸುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಹೀರೋ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ? ಅವನ ಬಟ್ಟೆ ಒಗೆಯುವವರು ಯಾರು? ಅವನ ಮನೆಯ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ? ಹೀರೋಗೆ ದಿನಚರಿಯೇ ಇಲ್ಲ. ಆದರೆ ನಿಜವಾದ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರಿಗೆ ಇದ್ದದ್ದೇ ದಿನಚರಿ. ಪಾಳಿಯ ಪ್ರಕಾರ ಪಂಜರದಂತಹ ಲಿಫ್ಟಿನಲ್ಲಿ ನೆಲದೊಳಗೆ ಇಳಿಯುತ್ತಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚಿತು, ಅವರ ಮಕ್ಕಳಲ್ಲಿ ಎಷ್ಟೋ ಜನ ಇಂದೂ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬಂದು ಹೋಗುತ್ತಾರೆ. ಸಿನಿಮಾ ನೋಡಿ, ಖಂಡಿತ ನೋಡಿ. ಆ ಹೆಸರಿನ ಊರು ಒಂದಿದೆ, ಅದಕ್ಕೊಂದು ಬೆಳಗು ಇದೆ ಎಂಬುದೂ ತಿಳಿದಿರಲಿ.

ನಮ್ಮ ಊರಿನ ಮಕ್ಕಳ ಮುಂದೆ ಸಿನಿಮಾದ ಮಾತು ತೆಗೆದು ‘ಶೋಲೆ’ಯನ್ನು ಬಿಟ್ಟರೆ ನಮ್ಮ ಬೆಟ್ಟಗಳು ಸಿಟ್ಟಾಗಬಹುದು. 1973ರ ಅಕ್ಟೋಬರಿನಲ್ಲಿ ಇಲ್ಲಿ ಶೂಟಿಂಗ್ ಶುರುವಾಯಿತು, 1975ರ ಆಗಸ್ಟ್ 15ರಂದು ಚಿತ್ರ ತೆರೆಗೆ ಬಂತು. ನಿರ್ದೇಶಕ ರಮೇಶ್ ಸಿಪ್ಪಿ ಇಲ್ಲೊಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ಆಗ ಬೆಟ್ಟದ ಬುಡದಲ್ಲಿ ನಿಂತು ನೋಡಿದ ಅಜ್ಜಂದಿರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, ಹೋಗಿ ಕೇಳಿ. ಕತೆ ಮತ್ತು ಸಂಭಾಷಣೆ ಸಲೀಂ ಜಾವೇದ್ ಜೋಡಿಯದು. ಅವರಲ್ಲಿ ಜಾವೇದ್ ಅಖ್ತರ್ ಬರೆಯುವುದು ಉರ್ದು ಲಿಪಿಯಲ್ಲಿ. ಉರ್ದು ಕಲಿತು ಏನು ಉಪಯೋಗ ಎಂದು ಕೇಳುವ ಹುಡುಗರು ಆ ಸಂಭಾಷಣೆಯನ್ನೇ ಬಾಯಿಪಾಠ ಹೇಳುತ್ತಿರುವುದನ್ನು ಕೇಳಿದಾಗ ನನಗೆ ಒಳಗೊಳಗೇ ನಗು ಬರುತ್ತದೆ.

ಈ ಚಿತ್ರದಲ್ಲಿ ಗಬ್ಬರ್ ಎಲ್ಲರಿಗೂ ನೆನಪಿದ್ದಾನೆ. ಅಹ್ಮದ್ ಯಾರಿಗೆ ನೆನಪಿದ್ದಾನೆ? ಎ.ಕೆ. ಹಂಗಲ್ ಅವರು ಮಾಡಿದ ಕಣ್ಣು ಕಾಣದ ಇಮಾಂ ಸಾಹೇಬರ ಮಗ. ಜಬಲ್‌ಪುರದಲ್ಲಿರುವ ಮಾಮೂ ಬೀಡಿ ಕಾರ್ಖಾನೆಯಲ್ಲಿ ಕೆಲಸ ಹುಡುಕಿ ಕಾಗದ ಬರೆದಿರುತ್ತಾರೆ. ಹುಡುಗನಿಗೆ ಹೋಗಲು ಮನಸ್ಸಿಲ್ಲ, ಅಬ್ಬಾರನ್ನು ಯಾರು ಕೈಹಿಡಿದು ಮಸೀದಿಗೆ ಕರೆದೊಯ್ಯುತ್ತಾರೆ? ಅಬ್ಬಾರಿಗೆ ಅವನು ಹೋಗಿ ದುಡಿದು ನಿಲ್ಲಲಿ ಎಂಬ ಆಸೆ. ಊರು ಬಿಟ್ಟು ಹೊರಟ ಹುಡುಗ ದಾರಿಯಲ್ಲೇ ಡಕಾಯಿತರ ಕೈಗೆ ಸಿಕ್ಕಿ ಸಾಯುತ್ತಾನೆ. ಇನ್ನೂರು ನಿಮಿಷದ ಚಿತ್ರದಲ್ಲಿ ಇದಕ್ಕೆ ಸಿಕ್ಕಿರುವುದು ಕೆಲವೇ ನಿಮಿಷ. ಆದರೆ ನಮ್ಮ ಮೊಹಲ್ಲಾದ ಎಷ್ಟು ಮನೆಗಳಿಗೆ ಇಂತಹ ಮಾಮೂನ ಕಾಗದ ಬಂದಿಲ್ಲ ಹೇಳಿ? ಈಗ ಅದು ಫೋನಿನಲ್ಲಿ ಬರುತ್ತದೆ, ಬೆಂಗಳೂರಿನ ಗ್ಯಾರೇಜಿನಿಂದಲೋ ಗಲ್ಫಿನ ಅಂಗಡಿಯಿಂದಲೋ. ಹತ್ತನೆಯ ತರಗತಿಯಲ್ಲಿ ಕೂತ ಹುಡುಗನಿಗೆ ಬಂದ ಆ ಕರೆಯಿಂದ ಅವನ ಬೆಂಚು ಖಾಲಿಯಾದದ್ದನ್ನು ನಾನು ಕಂಡಿದ್ದೇನೆ. ಇನ್ನು ಬಸಂತಿ. ಅವಳು ಜಟಕಾ ಓಡಿಸಿ ಅನ್ನ ಸಂಪಾದಿಸುವ ಹುಡುಗಿ. ಹೆಣ್ಣಾಗಿ ಜಟಕಾ ಏಕೆ ಓಡಿಸುತ್ತೀ ಎಂಬ ಪ್ರಶ್ನೆಗೆ, ಹೆಣ್ಣು ಕುದುರೆ ಎಳೆಯಬಹುದಾದರೆ ಹೆಣ್ಣು ಹುಡುಗಿ ಓಡಿಸಬಾರದೇ ಎಂಬ ಅರ್ಥದ ಉತ್ತರ ಅವಳ ಬಾಯಲ್ಲಿ ಸಿದ್ಧವಾಗಿದೆ. ಅವಳ ಕುಣಿತ ನೆನಪಿಟ್ಟುಕೊಂಡವರು ಅವಳ ಕಸುಬನ್ನು ಮರೆತಿದ್ದಾರೆ.

ಈಗ ನಾನು ನನ್ನ ಮೆಚ್ಚಿನ ಚಿತ್ರ ಹೇಳುತ್ತೇನೆ. ಇರಾನಿನ ಮಾಜಿದ್ ಮಾಜಿದಿ 1997ರಲ್ಲಿ ಮಾಡಿದ್ದು. ಇಂಗ್ಲಿಷಿನಲ್ಲಿ ‘ಚಿಲ್ಡ್ರನ್ ಆಫ್ ಹೆವನ್’ ಎನ್ನುತ್ತಾರೆ, ಫಾರಸಿಯಲ್ಲಿ ‘ಬಚ್ಚೆಹಾ-ಯೆ ಆಸ್ಮಾನ್’. ಬಚ್ಚೆ, ಆಸ್ಮಾನ್ ಎರಡೂ ನಿಮ್ಮ ಮನೆಯ ಮಾತುಗಳೇ. ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಹೋದ ಮೊದಲ ಇರಾನಿ ಚಿತ್ರ ಇದು. ಒಂದೂವರೆ ಗಂಟೆಯ ಈ ಚಿತ್ರದಲ್ಲಿ ಹೊಡೆದಾಟ ಇಲ್ಲ, ಹಾಡು ಇಲ್ಲ, ವಿಲನ್ ಇಲ್ಲ. ಇರುವುದು ಒಂದು ಜೊತೆ ಬೂಟು ಮತ್ತು ಒಂದು ಶಾಲೆಯ ವೇಳಾಪಟ್ಟಿ.

ಅಲಿ ಎಂಬ ಹುಡುಗ ತಂಗಿ ಜಹ್ರಾಳ ಹರಿದ ಬೂಟನ್ನು ಹೊಲಿಸಿಕೊಂಡು ಬರುವಾಗ ತರಕಾರಿ ಅಂಗಡಿಯ ಬಳಿ ಕಳೆದುಬಿಡುತ್ತಾನೆ. ಮನೆಯ ಬಾಡಿಗೆ ಬಾಕಿ ಇದೆ, ಅಮ್ಮಿಗೆ ಕಾಯಿಲೆ. ಅಬ್ಬಾರಿಗೆ ಹೇಳಿದರೆ ಏಟು ಬೀಳುವುದಕ್ಕಿಂತ, ಅವರ ಬಳಿ ಹಣವಿಲ್ಲ ಎಂಬುದೇ ಮಕ್ಕಳಿಗೆ ದೊಡ್ಡ ಚಿಂತೆ. ಜಹ್ರಾಳ ಶಾಲೆ ಬೆಳಗಿನ ಪಾಳಿ, ಅಲಿಯದು ಮಧ್ಯಾಹ್ನದ ಪಾಳಿ. ಆದ್ದರಿಂದ ಇಬ್ಬರಿಗೂ ಅಲಿಯ ಒಂದೇ ಬೂಟು. ಅವಳು ಶಾಲೆ ಬಿಟ್ಟೊಡನೆ ಓಡಿ ಬಂದು ಗಲ್ಲಿಯ ಮೂಲೆಯಲ್ಲಿ ಬೂಟು ಬಿಚ್ಚಬೇಕು, ಅವನು ಹಾಕಿಕೊಂಡು ಓಡಬೇಕು. ಅವಳು ಎಷ್ಟು ಓಡಿದರೂ ಅವನಿಗೆ ತಡವಾಗುತ್ತದೆ. ತಡವಾಗಿ ಬಂದ ಹುಡುಗನನ್ನು ಮುಖ್ಯೋಪಾಧ್ಯಾಯರು ಗೇಟಿನಲ್ಲಿ ನಿಲ್ಲಿಸುತ್ತಾರೆ. ಏಕೆ ತಡ ಎಂದು ಕೇಳಿದರೆ ಅವನು ಹೇಗೆ ಹೇಳಿಯಾನು? ಅವನ ಉತ್ತರಪತ್ರಿಕೆ ಬಲ್ಲ ಶಿಕ್ಷಕರೊಬ್ಬರು ಅಡ್ಡ ಬಂದು ಅವನನ್ನು ಒಳಗೆ ಕರೆದೊಯ್ಯುತ್ತಾರೆ. ಓಟದ ಪಂದ್ಯದಲ್ಲಿ ಮೂರನೆಯ ಬಹುಮಾನ ಒಂದು ಜೊತೆ ಬೂಟು ಎಂದು ತಿಳಿದು ಅಲಿ ಮೂರನೆಯವನಾಗಲೆಂದೇ ಓಡುತ್ತಾನೆ. ಮುಂದೇನಾಯಿತು ಎಂದು ನಾನು ಹೇಳುವುದಿಲ್ಲ, ನೋಡಿರಿ. ಒಂದು ದೃಶ್ಯ ಮಾತ್ರ ಹೇಳುತ್ತೇನೆ. ಮಸೀದಿಯ ಚಹಾಕ್ಕಾಗಿ ಕಳಿಸಿದ ಸಕ್ಕರೆಯ ಗಟ್ಟಿಗಳನ್ನು ಅಬ್ಬಾ ಮನೆಯಲ್ಲಿ ಒಡೆಯುತ್ತ ಕೂತಿದ್ದಾರೆ. ಮುಂದೆ ಸಕ್ಕರೆಯ ರಾಶಿ. ಮಗಳು ಚಹಾ ತಂದಾಗ ತಮ್ಮ ಚಹಾಕ್ಕೆ ಸಕ್ಕರೆ ಕೇಳುತ್ತಾರೆ. ಇಷ್ಟೊಂದು ಇದೆಯಲ್ಲ ಎನ್ನುತ್ತಾಳೆ ಅವಳು. ಇದು ಮಸೀದಿಯದು, ನಮ್ಮದಲ್ಲ ಎಂಬುದು ಅವರ ಉತ್ತರ. ಪ್ರಾಮಾಣಿಕತೆಯ ಬಗ್ಗೆ ನಾನು ಬರೆಸಿದ ಪ್ರಬಂಧಗಳೆಲ್ಲ ಈ ಒಂದು ಲೋಟ ಚಹಾದ ಮುಂದೆ ತೆಳುವಾಗಿ ಕಾಣುತ್ತವೆ.

ಈ ಚಿತ್ರವನ್ನು ಒಂದು ಶನಿವಾರ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ತೋರಿಸಿದೆ. ಮೊದಲ ಹತ್ತು ನಿಮಿಷ ಗಲಾಟೆ, ‘ಆಪಾ, ಫೈಟಿಂಗ್ ಯಾವಾಗ?’ ಎಂಬ ಪ್ರಶ್ನೆ. ಜಹ್ರಾ ಓಡಲು ಶುರು ಮಾಡಿದ ಮೇಲೆ ಸದ್ದಿಲ್ಲ. ದೊಡ್ಡದಾದ ಬೂಟು ಅವಳ ಕಾಲಿನಿಂದ ಜಾರಿ ಚರಂಡಿಯ ನೀರಿನಲ್ಲಿ ತೇಲಿಹೋಗುವಾಗ ಹಿಂದಿನಿಂದ ಯಾರೋ ‘ಹಿಡಿ, ಹಿಡಿ’ ಎಂದು ಕೂಗಿದರು. ಮುಗಿದ ಮೇಲೆ ನಲವತ್ತು ನಿಮಿಷದ ಆ ಹುಡುಗಿ ಎದ್ದು ನಿಂತು ಕೇಳಿದಳು: ‘ಆಪಾ, ಇದು ನಮ್ಮ ಮನೆಯ ಹಾಗೇ ಇದೆ. ಇದನ್ನೂ ಸಿನಿಮಾ ಮಾಡಬಹುದಾ?’ ನನಗೆ ಆ ದಿನ ಬೇರೆ ಪಾಠ ಮಾಡಬೇಕೆನಿಸಲಿಲ್ಲ. ನೀರು ತುಂಬುವುದು, ಟೋಪಿ ಹುಡುಕುವುದು, ಗುಂಡಿ ಹೊಲಿಯುವುದು, ಇವೆಲ್ಲ ಬರೆಯಲು ನಾಚಿಕೆಯಾಗುವ ಸಂಗತಿಗಳು ಎಂದು ಅವಳು ತಿಳಿದಿದ್ದಳು. ಅಲ್ಲಿ ದೂರದ ತೆಹ್ರಾನಿನ ಒಬ್ಬರು ಪಾತ್ರೆ ತೊಳೆಯುವ ಹುಡುಗಿಯನ್ನು ಮುಂದೆ ನಿಲ್ಲಿಸಿ ಜಗತ್ತಿಗೆ ತೋರಿಸಿದ್ದಾರೆ.

ಇರಾನಿಗೇ ಹೋಗಬೇಕಾಗಿಲ್ಲ. ಎನ್. ಲಕ್ಷ್ಮೀನಾರಾಯಣ ಅವರ ‘ಬೆಟ್ಟದ ಹೂವು’ 1985ರ ಚಿತ್ರ. ಪುನೀತ್ ರಾಜ್‌ಕುಮಾರ್ ಬಾಲಕನಾಗಿ ರಾಷ್ಟ್ರಪ್ರಶಸ್ತಿ ಪಡೆದದ್ದು ಇದರಲ್ಲೇ. ಕುವೆಂಪು ಅವರ ಒಂದು ಗ್ರಂಥ ಕೊಳ್ಳಬೇಕೆಂದು ಬಡ ಹುಡುಗ ರಾಮು ಕಾಡಿನ ಹೂ ತಂದು ಮಾರಿ ಕಾಸು ಕೂಡಿಡುತ್ತಾನೆ. ಕೊನೆಗೆ ಪುಸ್ತಕವೋ ಮನೆಯೋ ಎಂಬ ಪ್ರಶ್ನೆ ಅವನ ಮುಂದೆ ಬಂದು ನಿಲ್ಲುತ್ತದೆ. ನಮ್ಮ ರೇಷ್ಮೆಯ ಹುಡುಗನಿಗೆ ಆ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಗಿರೀಶ್ ಕಾಸರವಳ್ಳಿ ಅವರ ‘ಹಸೀನಾ’ 2004ರ ಚಿತ್ರ. ಅದು ದೊಡ್ಡ ಮಕ್ಕಳಿಗೆ, ಅದಕ್ಕಿಂತ ಹೆಚ್ಚಾಗಿ ಇಲ್ಲಿ ಕೂತಿರುವ ಹಿರಿಯರಿಗೆ. ಗಂಡ ಕೈಬಿಟ್ಟ ಮೇಲೆ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುವ ತಾಯಿಯ ಕತೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಅದರ ಮೂಲ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಎಂಬ ಕತೆ. ಮನೆಯಲ್ಲಿ ನಮ್ಮ ಹಾಗೆಯೇ ದಖನಿ ಮಾತನಾಡುವ ಈ ಹೆಣ್ಣುಮಗಳು ಶಿವಮೊಗ್ಗದಲ್ಲಿ ಎಂಟನೆಯ ವಯಸ್ಸಿಗೆ ಕನ್ನಡ ಶಾಲೆ ಸೇರಿ ಅಕ್ಷರ ಕಲಿತವರು. 2025ರಲ್ಲಿ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ಕತೆಗಳಲ್ಲಿ ಇರುವುದು ಏನು? ಅಡಿಗೆಮನೆ, ಅಂಗಳ, ಹೆರಿಗೆ, ಬಟ್ಟೆ, ಬೀದಿಯ ಮಾತು. ಅಂದರೆ ನೀವು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡುವ ಎಲ್ಲವೂ. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಕೆಲವರು ಹೇಳುವುದುಂಟು. ಬರುತ್ತದೆ. ಗೈಡಿನ ಹುಡುಗನ ಬಗ್ಗೆ ಬರೆಯುವಾಗ ತಡವರಿಸುತ್ತದೆ, ಅಷ್ಟೆ. ಮಾರುಕಟ್ಟೆಯ ಹರಾಜಿನ ಬಗ್ಗೆ ಆ ಹುಡುಗ ಬರೆದ ಕನ್ನಡದಲ್ಲಿ ಕಾಗುಣಿತದ ತಪ್ಪು ಹನ್ನೊಂದು ಇದ್ದವು, ಆದರೆ ಬೇರೆ ಪುಸ್ತಕದಿಂದ ತಂದ ವಾಕ್ಯ ಒಂದೂ ಇರಲಿಲ್ಲ. ಕಾಗುಣಿತವನ್ನು ನಾನು ತಿದ್ದಬಲ್ಲೆ. ಹಾಲು ಕುಡಿಯುವ ಹುಡುಗನನ್ನು ಹೇಗೆ ತಿದ್ದಲಿ?

ಹಾಗಾದರೆ ಏನು ಮಾಡಬೇಕು ಎಂದು ಕೇಳುವಿರಿ. ಒಂದು ವಾರ ದಿನವೂ ರಾತ್ರಿ ಹತ್ತು ಸಾಲು ಬರೆಯಿರಿ. ನಿನ್ನೆಯದು, ಗಂಟೆ ಸಮೇತ. ಇವತ್ತು ಉರ್ದುವಿನಲ್ಲಿ ಬರೆದರೆ ನಾಳೆ ಕನ್ನಡದಲ್ಲಿ. ಫೋನಿಗೆ ಹೋದ ಹೊತ್ತನ್ನೂ ಬರೆಯಿರಿ, ಫೋನಿನಲ್ಲೇ ಆ ಲೆಕ್ಕ ಸಿಗುತ್ತದೆ, ನಿಮಗಿಂತ ಅದು ಪ್ರಾಮಾಣಿಕ. ದಿನಕ್ಕೆ ಒಂದೂವರೆ ಗಂಟೆ ತುಂಡು ನೋಡಿದರೆ ವಾರಕ್ಕೆ ಹತ್ತೂವರೆ ಗಂಟೆ ಆಯಿತು. ಅಷ್ಟು ಹೊತ್ತಿನಲ್ಲಿ ಅಲಿ ಜಹ್ರಾರ ಚಿತ್ರವನ್ನು ಏಳು ಸಲ ನೋಡಬಹುದು. ಏಳು ಸಲ ಬೇಡ. ಒಂದು ಸಲ ಪೂರ್ತಿ ನೋಡಿ, ಉಳಿದ ಒಂಬತ್ತು ಗಂಟೆಯಲ್ಲಿ ಅರ್ಧವನ್ನಾದರೂ ಓದಿಗೆ ಕೊಡಿ, ಅರ್ಧವನ್ನು ನಿದ್ದೆಗೆ ಕೊಡಿ. ನಿಮ್ಮಲ್ಲಿ ಬಹಳ ಮಂದಿಗೆ ಕಡಿಮೆಯಾಗಿರುವುದು ನಿದ್ದೆ, ಅದು ಮೊದಲ ಪೀರಿಯಡ್ಡಿನಲ್ಲಿ ನನಗೆ ಕಾಣುತ್ತದೆ. ಸಿನಿಮಾ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಚಿತ್ರದಲ್ಲಿ ಪಾತ್ರೆ ತೊಳೆದವರು ಯಾರು? ಉತ್ತರ ಸಿಗದಿದ್ದರೂ ಪರವಾಗಿಲ್ಲ, ಪ್ರಶ್ನೆ ಕೇಳುವ ಅಭ್ಯಾಸ ಆಗಲಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಬೇಡಿಕೆ. ಪ್ರತಿಭಾವಂತರಿಗೆ ನೀವು ಕೊಡುವ ಬಹುಮಾನ, ನೋಟ್‌ಬುಕ್ಕು, ಶುಲ್ಕದ ನೆರವು ಎಲ್ಲವೂ ಬೇಕು, ಅದಕ್ಕಾಗಿ ನಾವು ಋಣಿಗಳು. ಆದರೆ ನಲವತ್ತು ನಿಮಿಷದ ಹುಡುಗಿಗೆ ನೋಟ್‌ಬುಕ್ಕಿನ ಕೊರತೆ ಇಲ್ಲ. ಅವಳಿಗೆ ಬೇಕಾಗಿರುವುದು ಟೀವಿ ಇಲ್ಲದ ಒಂದು ಕೋಣೆ. ನಾವೀಗ ಕೂತಿರುವ ಈ ಸಭಾಂಗಣದ ಮೇಲಿನ ಮಹಡಿ ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ. ಅದನ್ನು ಸಂಜೆ ಐದೂವರೆಯಿಂದ ಎಂಟರವರೆಗೆ ತೆರೆಯಿರಿ. ಮಗ್ರಿಬ್‌ಗೆ ಮಧ್ಯೆ ಬಿಡುವು ಕೊಡೋಣ. ವಾರದಲ್ಲಿ ಮೂರು ದಿನ ಹೆಣ್ಣುಮಕ್ಕಳಿಗೆ, ಮೂರು ದಿನ ಗಂಡುಮಕ್ಕಳಿಗೆ. ನಾಲ್ಕು ಟ್ಯೂಬ್‌ಲೈಟು, ಒಂದಿಷ್ಟು ಜಮಖಾನೆ, ಕುಡಿಯುವ ನೀರು ಸಾಕು. ಹೆಣ್ಣುಮಕ್ಕಳ ಮೂರು ದಿನ ನಾನು ಬಂದು ಕೂರುತ್ತೇನೆ, ಇನ್ನಿಬ್ಬರು ಶಿಕ್ಷಕಿಯರೂ ಒಪ್ಪಿದ್ದಾರೆ. ತಿಂಗಳಿಗೊಂದು ಶನಿವಾರ ಅಲ್ಲೇ ಒಂದು ಸಿನಿಮಾ ಪೂರ್ತಿ ನೋಡೋಣ. ಯಾವುದು ಎಂಬುದನ್ನು ಹಿರಿಯರು ಮೊದಲೇ ನೋಡಿ ಒಪ್ಪಲಿ,ನಮ್ಮ ಅಡ್ಡಿ ಇಲ್ಲ. ತಾಯಂದಿರೂ ಬರಲಿ. ಅವರ ದಿನಚರಿಯಲ್ಲಿ ಕೂರುವುದು ಎಂಬ ಸಾಲೇ ಇಲ್ಲ.

ವಿದ್ಯಾರ್ಥಿಗಳೇ, ನಾಳೆ ಸೋಮವಾರ, ನಾನು ನೋಟ್‌ಬುಕ್ ಕೇಳುತ್ತೇನೆ. ನಾಳೆಯ ಪುಟದಲ್ಲಿ ‘ನಿನ್ನೆ’ ಎಂದರೆ ಈ ದಿನ. ಎಷ್ಟು ಗಂಟೆಗೆ ಎದ್ದು ಇಲ್ಲಿಗೆ ಬಂದಿರಿ, ಬರುವ ಮೊದಲು ಮನೆಯಲ್ಲಿ ಯಾವ ಕೆಲಸ ಮುಗಿಸಿದಿರಿ, ಆಪಾ ಎಷ್ಟು ಹೊತ್ತು ಮಾತನಾಡಿದರು, ಯಾರು ಯಾರು ನಿದ್ದೆ ಮಾಡಿದರು, ಬಿರಿಯಾನಿ ಎಷ್ಟು ಗಂಟೆಗೆ ಬಂತು, ಎಲ್ಲ ಬರೆಯಬಹುದು. ಬಿರಿಯಾನಿ ಬರುವ ಹೊತ್ತಾಯಿತು, ಆದ್ದರಿಂದ ನಾನು ಇಲ್ಲಿಗೆ ನಿಲ್ಲಿಸುತ್ತೇನೆ.